ಮೊದಲ ಕತ್ತರಿ

ಆಗಸ್ಟ್ ತಿಂಗಳಲ್ಲಿ ಪಿಸಾಕ್ ದಾಟಿ ಮೇಲಿನ ಊರುಗಳಿಗೆ ನಾನು ಪ್ರವಾಸಿಗಳನ್ನು ಕರೆದುಕೊಂಡು ಹೋಗುವುದಿಲ್ಲ. ಕುಸ್ಕೋದ ಕಚೇರಿಯಲ್ಲಿ ಕೇಳಿದರೆ ರಸ್ತೆ ಸರಿಯಿಲ್ಲ ಎನ್ನುತ್ತೇನೆ. ನಿಜವಾದ ಕಾರಣ ಹೇಳಿದರೆ ಅಲ್ಲಿನ ಹುಡುಗಿಯರು ಕಿಸಕ್ಕನೆ ನಗುತ್ತಾರೆ. ಅವರ ಅಜ್ಜಿಯರು ಮಾತ್ರ ನಗುವುದಿಲ್ಲ. ಆಗಸ್ಟ್ ಎಂದರೆ ಭೂಮಿತಾಯಿ ಹಸಿದು ಬಾಯಿ ತೆರೆದುಕೊಂಡಿರುವ ತಿಂಗಳು. ಆಗ ಆಡಿದ ಮಾತು, ಇಟ್ಟ ಆಣೆ ಎಲ್ಲ ನೇರ ಅವಳ ಹೊಟ್ಟೆಗೆ ಹೋಗುತ್ತದೆ. ಕೊಬ್ಬುಗಳ್ಳ ತಿರುಗಾಡುವುದೂ ಆಗಲೇ.

ಕೊಬ್ಬುಗಳ್ಳ ಹೇಗಿರುತ್ತಾನೆಂದು ನಮ್ಮ ಕಡೆ ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ಎತ್ತರದ ಆಳು, ಬಿಳಿಚಿದ ಮುಖ, ಗಡ್ಡ. ಒಬ್ಬನೇ ಬರುತ್ತಾನೆ, ಚೀಲದಲ್ಲಿ ಸೂಜಿ ಕತ್ತರಿ ಇರುತ್ತವೆ. ಗಾಯ ಕಾಣದ ಹಾಗೆ ಮನುಷ್ಯರ ಮೈಯೊಳಗಿನ ಕೊಬ್ಬು ತೆಗೆದು ಒಯ್ಯುತ್ತಾನೆ. ಕಳೆದುಕೊಂಡವರು ಮನೆಗೆ ಬಂದು ಸೊರಗಿ ಸೊರಗಿ ಸಾಯುತ್ತಾರೆ. ನನ್ನ ಅಜ್ಜಿಯ ಕಾಲದಲ್ಲಿ ಆ ಕೊಬ್ಬು ಇಗರ್ಜಿಯ ಗಂಟೆ ಎರಕ ಹೊಯ್ಯಲು ಬೇಕಾಗಿತ್ತಂತೆ, ಅಮ್ಮನ ಕಾಲದಲ್ಲಿ ರೈಲಿನ ಗಾಲಿಗೆ, ಈಗ ವಿಮಾನಕ್ಕೆ. ನಾನು ಕಾಲೇಜು ಓದಿದವಳು. ಪ್ರವಾಸಿಗಳು ಕೇಳಿದರೆ, ಹೊರಗಿನವರ ಕೈಯಲ್ಲಿ ನೊಂದ ಜನ ಕಟ್ಟಿಕೊಂಡ ಕತೆ ಅದು ಎಂದು ಬಿಡಿಸಿ ಹೇಳುತ್ತಿದ್ದೆ. ಕುಸ್ಕೋದ ಚೌಕದಲ್ಲಿ, ಬಿಸಿಲಿನಲ್ಲಿ ನಿಂತು ಹಾಗೆ ಹೇಳುವುದು ಬಲು ಸುಲಭ.

ಆ ವರ್ಷ ಪಕ್ಕದ ಕಣಿವೆಯಲ್ಲಿ ಕುರಿ ಕಾಯಲು ಹೋದ ಹುಡುಗಿಯೊಬ್ಬಳು ಮನೆಗೆ ವಾಪಸಾಗಿರಲಿಲ್ಲ. ರೇಡಿಯೊದಲ್ಲಿ ದಿನವೂ ಅವಳ ಹೆಸರು ಬರುತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಯೋರಿಸ್ ಎಂಬ ಪ್ರವಾಸಿಯನ್ನು ಅಮ್ಮನ ತವರೂರು ಕಾಂಚಾಪಾತಾಕ್ಕೆ ಕರೆದುಕೊಂಡು ಹೋದೆನಲ್ಲ, ಅದಕ್ಕೆ ನನ್ನ ಒಣ ಜಂಭವೇ ಕಾರಣ.

ಯೋರಿಸ್ ಬೆಲ್ಜಿಯಂನವನು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಬಟ್ಟೆಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಕುತ್ತಿಗೆಯಲ್ಲಿ ಸರಪಳಿಗೆ ಒಂದು ಭೂತಗನ್ನಡಿ ನೇತಾಡುತ್ತಿತ್ತು. ಪಿಸಾಕ್ ಸಂತೆಯಲ್ಲಿ ಆ ಕನ್ನಡಿ ಹಿಡಿದು ಒಂದೊಂದು ಅಂಗಡಿಯ ಮುಂದೆಯೂ ಬಗ್ಗಿ, "ಇದು ಉಣ್ಣೆ ಅಲ್ಲ ನಿಕನೋರಾ, ಪ್ಲಾಸ್ಟಿಕ್ಕು. ಇದೂ ಅಷ್ಟೇ, ಮೆಷಿನ್‌ದು" ಎನ್ನುತ್ತಾ ಬಂದ.

ಶಾಲು ಮಾರುವವಳಿಗೆ ರೇಗಿತು. "ಯಾವೂರ ದೊಣ್ಣೆನಾಯಕ ಇವ್ನು? ತಗೊಳ್ಳೋದಾದ್ರೆ ತಗೊ ಅನ್ನು ನಿಕಾ. ಮೂಸಿ ಮೂಸಿ ನೋಡಕ್ಕೆ ಇದೇನು ಮೀನಾ?"

ಅವಳ ಮಾತಿಗೆ ನಗು ಬಂದರೂ ಮನಸ್ಸು ಕಹಿಯಾಯಿತು. ಇವನು ಊರಿಗೆ ಹೋಗಿ ನಮ್ಮ ಬಟ್ಟೆಯೆಲ್ಲ ಪ್ಲಾಸ್ಟಿಕ್ ಎಂದು ಹೇಳಿಕೊಂಡು ತಿರುಗುತ್ತಾನೆಯೇ? "ನಮ್ಮಮ್ಮನ ತವರೂರು ಮೇಲಿದೆ. ಅಲ್ಲಿ ನೋಡಿ, ಆಮೇಲೆ ಮಾತಾಡಿ" ಎಂದುಬಿಟ್ಟೆ.

ಚಾಲಕ ಎಫ್ರಾಯಿನ್ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕ, ಈ ತಿಂಗ್ಳಲ್ಲಾ? ಇವ್ನ ಮುಖ ನೋಡು, ಗಡ್ಡ ನೋಡು. ಹೇಳಿ ಮಾಡಿಸ್ದಂಗವ್ನೆ."

"ಬಾಯ್ಮುಚ್ಕೊಂಡು ಗಾಡಿ ಓಡ್ಸು. ಸಂಜೆ ಒಳಗೆ ಬಂದ್ಬಿಡಾಣ. ನಾಯ್ದಾ ಕಾಯ್ತಿರ್ತಾಳೆ."

ನಾಯ್ದಾ ನನ್ನ ಮಗಳು. ಕುಸ್ಕೋದಲ್ಲಿ ಶಾಲೆಗೆ ಹೋಗುತ್ತಾಳೆ. ನನಗಿರುವುದು ಅವಳೊಬ್ಬಳೇ.

ನಮ್ಮಲ್ಲಿ ಹೊರಗಿನವರನ್ನು ಕರೆದುಕೊಂಡು ಊರಿಗೆ ಹೋದರೆ ಮೊದಲು ಊರ ಯಜಮಾನನ ಮನೆಗೆ ಹೋಗಿ ಕೋಕಾ ಎಲೆ ಕೊಡಬೇಕು. ಆತ ತನ್ನ ಬೆಳ್ಳಿಕಟ್ಟಿನ ಕೋಲನ್ನು ಮುಂದಿಟ್ಟುಕೊಂಡು ಎಲೆ ಬಾಯಿಗೆ ಹಾಕಿಕೊಂಡರೆ ಬಂದವನು ಊರಿನ ಅತಿಥಿ. ಅಲ್ಲಿಯವರೆಗೆ ಅವನು ಯಾರೂ ಅಲ್ಲ. ಕಾಂಚಾಪಾತಾದ ಯಜಮಾನ ಎಲಿಯೋದೋರೊ ಮೇಲಿನ ಹೊಲಕ್ಕೆ ಹೋಗಿದ್ದಾನೆಂದು ಅವನ ಹೆಂಡತಿ ಬಾಗಿಲು ಪೂರ್ತಿ ತೆರೆಯದೆಯೇ ಹೇಳಿದಳು. ಕಾಯಬೇಕಿತ್ತು. ಬಿಸಿಲು ಇರುವಾಗಲೇ ಹಾಳುಗೋಡೆಗಳನ್ನು ತೋರಿಸಿಬಿಡೋಣ, ಎಲೆ ಆಮೇಲೆ ಕೊಟ್ಟರಾಯಿತು ಎಂದುಕೊಂಡೆ.

ಊರಿನ ನೆತ್ತಿಯ ಮೇಲೆ ಇಂಕಾಗಳ ಕಾಲದ ಮೆಟ್ಟಿಲು ಹೊಲಗಳಿವೆ, ಕಲ್ಲಿನ ಕಾಲುವೆ ಇದೆ, ಕೂದಲು ತೂರದ ಹಾಗೆ ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆ ಇದೆ. ಯೋರಿಸ್ ಗೋಡೆಗೆ ಕೆನ್ನೆಯಿಟ್ಟು ಸಂದಿಯನ್ನು ನೋಡಿದ. ನಾನು ಎಂದಿನ ಪಾಠ ಒಪ್ಪಿಸಿದೆ. ಸ್ವಲ್ಪ ಹೊತ್ತಿಗೆ ನನ್ನ ಮಾತು ನನಗೇ ದೊಡ್ಡದಾಗಿ ಕೇಳತೊಡಗಿತು. ಹೊಲದಲ್ಲಿ ಮಾತಿಲ್ಲ, ಅಂಗಳಗಳಲ್ಲಿ ರೇಡಿಯೊ ಇಲ್ಲ. ತಲೆಯೆತ್ತಿದೆ. ಮೇಲಿನ ದಿಣ್ಣೆಯ ಅಂಚಿನಲ್ಲಿ ಗಂಡಸರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ನಾನು ಕೈ ಬೀಸಿದೆ. ಒಬ್ಬನೂ ತಿರುಗಿ ಬೀಸಲಿಲ್ಲ.

"ಎಷ್ಟು ಶಾಂತವಾಗಿದೆ!" ಎಂದ ಯೋರಿಸ್.

ನೇಯ್ಗೆ ತೋರಿಸಿದ ಶಾಸ್ತ್ರ ಮಾಡಿ ಹೊರಟುಬಿಡಬೇಕೆಂದು ಅವನನ್ನು ಬೇಗ ಬೇಗ ಸಾತುರ್ನಿನಾಳ ಅಂಗಳಕ್ಕೆ ಇಳಿಸಿಕೊಂಡು ಬಂದೆ.

ಸಾತುರ್ನಿನಾ ಆ ಊರಿನ ಒಳ್ಳೆಯ ನೇಯ್ಗೆಯವಳು. ಮಗ್ಗದ ಒಂದು ತುದಿಯನ್ನು ಗೂಟಕ್ಕೆ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ನೆಲದ ಮೇಲೆ ಕೂತಿದ್ದಳು. ಬೇರೆ ದಿನವಾಗಿದ್ದರೆ ನನ್ನನ್ನು ಕಂಡ ಕೂಡಲೇ ಬೇಯಿಸಿದ ಆಲೂಗಡ್ಡೆ ತಟ್ಟೆಗೆ ಹಾಕುತ್ತಿದ್ದಳು. ಆ ದಿನ ತಲೆಯೆತ್ತದೆ, "ನಿಕಾ, ಇವತ್ತು ಯಾಕಕ್ಕ ಕರ್ಕೊಂಬಂದೆ?" ಎಂದಳು.

"ಬಟ್ಟೆ ನೋಡಕ್ಕೆ ಬಂದವ್ನೆ ಕಣೆ. ಒಳ್ಳೆ ಮನುಷ್ಯ."

"ನಿಂಗೆ ಎಷ್ಟು ದಿನದಿಂದ ಗೊತ್ತು?"

ಗೊತ್ತಾಗಿದ್ದು ಹಿಂದಿನ ದಿನ.

ಅವಳ ಮಗಳು ಲುಸ್ಮಿ ಹಿಂದೆ ನಿಂತಿದ್ದಳು. ನಾಲ್ಕು ವರ್ಷದ ಮಗು. ಹುಟ್ಟುಗೂದಲಿಗೆ ಇನ್ನೂ ಕತ್ತರಿ ಮುಟ್ಟಿಸಿರಲಿಲ್ಲ. ಜಡೆಗಟ್ಟಿ ಗಂಟುಗಂಟಾಗಿ ಟೋಪಿಯ ಕೆಳಗಿನಿಂದ ಭುಜದವರೆಗೂ ಇಳಿದಿತ್ತು. ಮೊದಲ ಕತ್ತರಿ ಹಾಕುವವನು ಮಗುವಿನ ಧರ್ಮದ ಅಪ್ಪನಾಗುತ್ತಾನೆ, ತಾಯಿಗೆ ಕೊಂಪಾದ್ರೆ ಆಗುತ್ತಾನೆ; ಹೆಂಗಸಾದರೆ ಕೊಮಾದ್ರೆ. ಆ ನಂಟು ಒಡಹುಟ್ಟಿಗಿಂತ ಗಟ್ಟಿ, ಸಾಯುವ ತನಕ ಬಿಡಿಸಿಕೊಳ್ಳುವ ಹಾಗಿಲ್ಲ. ಸಾತುರ್ನಿನಾ ಆ ಕತ್ತರಿಯನ್ನು ಗಣಿಯಲ್ಲಿ ದುಡಿಯುವ ತನ್ನ ಅಣ್ಣನಿಗೆಂದು ಕಾದಿಟ್ಟಿದ್ದಳು. ಬರುವ ತಿಂಗಳು ಅವನು ರಜೆ ಹಾಕಿ ಬರುವವನಿದ್ದ. ಮಗುವಿನ ಅಪ್ಪ ತೀರಿಕೊಂಡ ಮೇಲೆ ಅವಳಿಗಿದ್ದ ಗಂಡು ದಿಕ್ಕು ಅವನೊಬ್ಬನೇ.

ಯೋರಿಸ್ ಮಗ್ಗದ ಪಕ್ಕ ಮಂಡಿಯೂರಿ ಕೂತು ಕನ್ನಡಿ ಹಿಡಿದ. "ಅಬ್ಬಾ" ಎಂದ. ನನ್ನ ಜಂಭಕ್ಕೆ ಸಿಕ್ಕ ಸಂಬಳ ಆ ಒಂದು ಮಾತು. ಲುಸ್ಮಿಗೆ ಕನ್ನಡಿಯ ಆಸೆ. ಮೆಲ್ಲಗೆ ಬಂದು ಅವನ ತೋಳಿನ ಕೆಳಗೆ ತೂರಿ ತಾನೂ ಬಗ್ಗಿ ನೋಡಿದಳು. ಏಳುವಾಗ ಕೂದಲಿನ ಒಂದು ಗಂಟು ಸರಪಳಿಗೆ ಸಿಕ್ಕಿಕೊಂಡಿತು. ಮಗು ಚೀರಿತು. ಅವನು ನಕ್ಕು ಏನೋ ಸಮಾಧಾನ ಹೇಳಿದ, ಎಳೆದು ಬಿಡಿಸಲು ನೋಡಿದ. ಅದು ಇನ್ನೂ ಜೋರಾಗಿ ಅತ್ತಿತು. ಆಗ ಅವನು ಜೇಬಿನಿಂದ ಪುಟ್ಟ ಕತ್ತರಿ ತೆಗೆದ.

"ಬೇಡ!" ಎಂದು ನಾನು ಕೂಗುವಷ್ಟರಲ್ಲಿ ಕತ್ತರಿಸಿ ಆಗಿತ್ತು.

ಅಷ್ಟಕ್ಕೇ ನಿಂತಿದ್ದರೂ ಏನೋ ಮಾಡಬಹುದಿತ್ತು. ಅವನ ಕಸುಬಿನ ಚಾಳಿ ನೋಡಿ, ಕೈಗೆ ಬಂದ ಕೂದಲನ್ನು ಬೆಳಕಿಗೆ ಹಿಡಿದ, ಕನ್ನಡಿಯಲ್ಲಿ ನೋಡಿದ, ನೂಲಿನ ಮಾದರಿ ಹಾಕಿಡುವ ಗಾಜಿನ ಕೊಳವೆಯೊಂದಕ್ಕೆ ತುಂಬಿ ಮುಚ್ಚಳ ಹಾಕಿದ.

ಸಾತುರ್ನಿನಾಳ ಗಂಟಲಿನಿಂದ ಬಂದ ಕೂಗು ಮನುಷ್ಯರದ್ದೆಂದು ಅನ್ನಿಸಲಿಲ್ಲ. ಸೊಂಟಕ್ಕೆ ಕಟ್ಟಿದ ಮಗ್ಗವನ್ನು ಗೂಟಸಮೇತ ಎಳೆದುಕೊಂಡೇ ಎದ್ದು ಮಗುವನ್ನು ಬಾಚಿಕೊಂಡಳು. ದಿಣ್ಣೆಯ ಮೇಲೆ ಶಂಖ ಮೊಳಗಿತು. ಅದಕ್ಕೆ ಉತ್ತರವಾಗಿ ಕೆಳಗಿನ ಕೇರಿಯಲ್ಲಿ ಇನ್ನೊಂದು ಮೊಳಗಿತು.

"ಗಾಡಿ!" ಎಂದು ಯೋರಿಸ್‌ನ ತೋಳು ಹಿಡಿದು ಎಳೆದೆ. ಅಂಗಳದ ಬಾಯಿಯಲ್ಲಿ ಎಫ್ರಾಯಿನ್ ಎದುರಾದ. ಅವನ ಮುಖದಲ್ಲಿ ರಕ್ತವಿರಲಿಲ್ಲ. "ರಸ್ತೆಗೆ ಬಂಡೆ ಉಳ್ಳಿಸ್ಬಿಟ್ಟವ್ರೆ ಅಕ್ಕ. ನಾವು ಬಂದಾಗ್ಲೇ ಉಳ್ಳಿಸವ್ರೆ."

ನೋಡನೋಡುತ್ತ ಅಂಗಳ ತುಂಬಿತು. ಕೂಗಾಟವಿರಲಿಲ್ಲ, ಅದೇ ನನ್ನ ಎದೆ ಒಡೆಸಿದ್ದು. ಹೆಂಗಸರ ಮಡಿಲಲ್ಲಿ ಕಲ್ಲುಗಳಿದ್ದವು. ಒಬ್ಬನ ಹೆಗಲ ಮೇಲೆ ಲಾಮಾ ಕೂದಲಿನ ಹಗ್ಗ, ಇನ್ನೊಬ್ಬನ ಕೈಯಲ್ಲಿ ಸೀಮೆಎಣ್ಣೆ ಡಬ್ಬ. ಯೋರಿಸ್‌ನನ್ನು ಗೋಡೆಗೆ ಒತ್ತಿ ನಿಲ್ಲಿಸಿ ಅವನ ಚೀಲವನ್ನು ನೆಲಕ್ಕೆ ಸುರಿದರು. ಡಾಕ್ಟರುಗಳು ಹಾಕುವಂಥ ಕೈಗವಸು ಬಿತ್ತು. ಚಿಮಟ, ಬಾಗಿದ ಸೂಜಿಗಳು, ಸಾಲು ಗಾಜಿನ ಕೊಳವೆ, ಕೊನೆಗೆ ಒಂದು ತಗಡಿನ ಡಬ್ಬಿ. ಮುದುಕಿಯೊಬ್ಬಳು ಡಬ್ಬಿಗೆ ಬೆರಳು ಅದ್ದಿ ಮೂಸಿದಳು. ಹಳದಿ, ಜಿಡ್ಡು.

"ಕೊಬ್ಬು ಕಣ್ರೋ! ಕೊಬ್ಬು!"

"ಏನದು?" ಎಂದು ನಾನು ಯೋರಿಸ್‌ನನ್ನು ಅವನ ಭಾಷೆಯಲ್ಲಿ ಕೇಳಿದೆ.

"ಕುರಿ ಉಣ್ಣೆಯ ಜಿಡ್ಡು. ಕೈ ಒಡೆಯುತ್ತಲ್ಲ, ಹಚ್ಚಿಕೊಳ್ಳೋಕೆ. ಇವರೆಲ್ಲ ಯಾಕೆ ಹೀಗೆ, ನಿಕನೋರಾ? ನಾನೇನು ಮಾಡಿದೆ?"

ನಾನು ಅವನ ಮುಖವನ್ನೇ ನೋಡಿದೆ. ಹೇಳಬಾರದು, ಆದರೂ ಹೇಳುತ್ತೇನೆ: ಆ ಗಳಿಗೆಯಲ್ಲಿ ನನಗೂ ಅವನ ಮೇಲೆ ಭಯ ಹುಟ್ಟಿತು. ಅವನು ಯಾರೆಂದು ನನಗೇನು ಗೊತ್ತು? ಬಟ್ಟೆ ರಿಪೇರಿಯವನೆಂದು ಅವನೇ ಹೇಳಿಕೊಂಡದ್ದು. ಮಗುವಿನ ಕೂದಲನ್ನು ಯಾವ ಮನುಷ್ಯ ಗಾಜಿನಲ್ಲಿ ಮುಚ್ಚಿಡುತ್ತಾನೆ? ಕಾಲೇಜಿನಲ್ಲಿ ಓದಿದ್ದೆಲ್ಲ ತಲೆಯಿಂದ ಜಾರಿ ಹೋಗಿ ಅಜ್ಜಿಯ ಮಾತೊಂದೇ ಉಳಿಯಿತು. ಅವನಿಂದ ಒಂದು ಹೆಜ್ಜೆ ದೂರ ಸರಿದೆ. ನಾನು ಸರಿದದ್ದನ್ನು ಜನ ಕಂಡರು. ಸೀಮೆಎಣ್ಣೆ ಡಬ್ಬದವನು ಮುಚ್ಚಳ ತಿರುಗಿಸಿದ.

ವಾಸನೆ ಮೂಗಿಗೆ ಬಡಿದ ಮೇಲೆ ನನಗೆ ಬುದ್ಧಿ ಬಂತು. ಇವನು ಏನೇ ಆಗಿರಲಿ, ಸುಡುವ ಮನುಷ್ಯನ ವಾಸನೆಯನ್ನು ಜೀವಮಾನವೆಲ್ಲ ಹೊತ್ತುಕೊಂಡು ತಿರುಗಲು ನನ್ನಿಂದಾಗದು. ವಾಪಸು ಹೋಗಿ ಅವನ ಮುಂದೆ ನಿಂತೆ.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಎಲಿಯೋದೋರೊ ಕೋಲು ಹಿಡಿದು ಬಂದ. ಹೊಲದ ಮಣ್ಣು ಇನ್ನೂ ಅವನ ಮಂಡಿಯ ಮೇಲಿತ್ತು.

"ತಾಯ್ತಾ," ಎಂದು ಅಪ್ಪನನ್ನು ಕರೆಯುವ ಹಾಗೆ ಕರೆದೆ, "ನಿಮ್ಗೆ ಎಲೆ ಕೊಡಕ್ಕೆ ಮನೆತಾವ ಬಂದಿದ್ದೆ. ನೀವಿರ್ಲಿಲ್ಲ."

"ಇಲ್ದಿದ್ರೆ ಕಾಯ್ಬೇಕು. ನಿಮ್ಮಮ್ಮ ಈ ಊರ ಹೆಣ್ಣು. ಅಷ್ಟೂ ಕಲಿಸ್ಲಿಲ್ವಾ ನಿಂಗೆ?" ಅವನು ನನ್ನ ಹಿಂದಿದ್ದವನನ್ನು ನೋಡಿದ. "ಸರ್ಕೊ."

"ತಾಯ್ತಾ, ಒಂದೇ ಒಂದು ಕೇಳ್ತೀನಿ. ಮಗೀಗೆ ಮೊದಲ ಕತ್ತರಿ ಹಾಕ್ದೋನು ಏನಾಯ್ತಾನೆ?"

ಬಾಯಿಂದ ಆ ಮಾತು ಹೇಗೆ ಬಂತೋ ತಿಳಿಯದು. ಅಂಗಳದಲ್ಲಿ ಗುಸುಗುಸು ಎದ್ದಿತು. ಎಲಿಯೋದೋರೊ ಕೋಲನ್ನು ನೆಲಕ್ಕೂರಿದ.

"ಕರ್ದು ಕತ್ತರಿ ಕೊಟ್ರೆ ಧರ್ಮದ ಅಪ್ಪ. ಕರೀದೇ ಕತ್ತರಿಸ್ದೋನು ಕಳ್ಳ," ಎಂದ. "ಸಾತುರ್ನಿನಾ, ನೀನು ಹೇಳು. ಕರೆದ್ಯಾ?"

ಊರೆಲ್ಲ ಅವಳ ಕಡೆ ತಿರುಗಿತು. ಅವಳು ಮಗುವಿನ ತಲೆಯನ್ನು ಕೈಯಿಂದ ಮುಚ್ಚಿ ಹಿಡಿದಿದ್ದಳು. ಕೂದಲು ಹೋದ ಕಡೆ ಬೆರಳ ಸಂದಿಯಲ್ಲಿ ಬೆಳ್ಳಗೆ ನೆತ್ತಿ ಕಾಣುತ್ತಿತ್ತು. ಸರಪಳಿಗೆ ಕೂದಲು ಸಿಕ್ಕಿಕೊಂಡಿದ್ದನ್ನು ಅವಳು ಕಂಡಿದ್ದಳು, ಅದು ನನಗೆ ಗೊತ್ತಿತ್ತು. ಹೌದು ಎಂದರೆ ಈ ಮನುಷ್ಯ ಉಳಿಯುತ್ತಾನೆ. ಆದರೆ ಅಣ್ಣನಿಗೆ ಇಟ್ಟಿದ್ದ ಕತ್ತರಿ ಹೋಯಿತು. ನಾಳೆ ಮಗು ಸೊರಗಿದರೆ ಕೊಬ್ಬುಗಳ್ಳನಿಗೆ ಮಗಳನ್ನು ತಾನೇ ಒಪ್ಪಿಸಿದವಳಾಗುತ್ತಾಳೆ.

ನಾನು ಅವಳ ಹತ್ತಿರ ಹೋಗಿ ಕೂತೆ. "ತಂಗೀ, ಕೈ ಮುಗೀತೀನಿ."

"ನಂಗೂ ಭಯ ಕಣಕ್ಕ," ಎಂದಳು ಪಿಸುದನಿಯಲ್ಲಿ. "ನೀನೂ ಸರ್ಕೊಂಡೆ. ನಾನು ನೋಡ್ದೆ."

ಮುಗಿದ ಕೈಯನ್ನು ನಾನು ಇಳಿಸಲಿಲ್ಲ.

ಆಮೇಲೆ ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಕರೆದೆ ಅಂತೀನಿ ತಾಯ್ತಾ. ಆದ್ರೆ ಇವ್ನು ನಾಳೆ ವಿಮಾನ ಹತ್ತಿ ಹೋಯ್ತಾನೆ. ನನ್ ಮಗೀಗೆ ಯಾರು ದಿಕ್ಕು? ಧರ್ಮದ ತಾಯಾಗಿ ನಿಕಾ ನಿಲ್ಲಲಿ. ಮಣ್ಣು ತಿಂದು ಹೇಳ್ಲಿ. ಇವ್ನಿಂದ ನನ್ ಮಗೀಗೆ ಏನಾದ್ರೂ ಆದ್ರೆ ಅದು ಅವ್ಳ ಮಗೀಗೂ ಆಗ್ಲಿ ಅಂತ."

ಯೋರಿಸ್ ಗೋಡೆಗೊರಗಿ ನಿಂತಿದ್ದ. ಏನೂ ಅರ್ಥವಾಗದೆ ನನ್ನ ಬಾಯಿಯನ್ನೇ ನೋಡುತ್ತಿದ್ದ. ನಿನ್ನೆ ಬೆಳಗ್ಗೆ ಹೋಟೆಲಿನ ಬಾಗಿಲಲ್ಲಿ ಕೈಕುಲುಕಿದ ಮನುಷ್ಯ. ಅವನ ಮೇಲೆ ನನ್ನ ನಾಯ್ದಾಳನ್ನು ಪಣಕ್ಕಿಡಬೇಕು, ಅದೂ ಭೂಮಿ ಬಾಯಿ ತೆರೆದಿರುವ ತಿಂಗಳಲ್ಲಿ. ಇಲ್ಲ ಎನ್ನಲು ಬಾಯಿ ತೆರೆದೆ. ಸೀಮೆಎಣ್ಣೆಯ ವಾಸನೆ ಮತ್ತೆ ಬಂತು.

ಎಲಿಯೋದೋರೊ ನೆಲ ಕೆದಕಿ ಒಂದು ಚಿಟಿಕೆ ಮಣ್ಣು ಎತ್ತಿ ನನ್ನ ಅಂಗೈಗೆ ಹಾಕಿದ. ಬಾಯಿಗೆ ಹಾಕಿಕೊಂಡೆ. ಮಗಳ ಹೆಸರು ಹೇಳಿದೆ. ಮಣ್ಣು ಗಂಟಲಲ್ಲಿ ಇಳಿಯಲಿಲ್ಲ. ಉಗುಳು ಸೇರಿಸಿ ಸೇರಿಸಿ ನುಂಗಿದೆ.

ಅಲ್ಲಿಗೆ ಮುಗಿಯಲಿಲ್ಲ. ಶುರುಮಾಡಿದ ಜವಳ ಪೂರ್ತಿಯಾಗಬೇಕು. ಲುಸ್ಮಿಯನ್ನು ಕಂಬಳಿಯ ಮೇಲೆ ಕೂರಿಸಿ ಕೂದಲಿನ ಗಂಟುಗಳಿಗೆ ಕೆಂಪು ದಾರ ಕಟ್ಟಿದರು. ಯೋರಿಸ್‌ನ ಕೈಗೆ ಊರಿನ ಕತ್ತರಿ ಕೊಟ್ಟರು. ಕುರಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಅದು. ಗಂಡಸರು ಸುತ್ತಲೂ ನಿಂತರು. ಹಗ್ಗವನ್ನೂ ಡಬ್ಬವನ್ನೂ ಯಾರೂ ಕೆಳಗಿಟ್ಟಿರಲಿಲ್ಲ.

"ಕತ್ತರಿಸಿ," ಎಂದೆ ಅವನಿಗೆ. "ನಗುತ್ತಾ ಕತ್ತರಿಸಿ. ಚರ್ಮಕ್ಕೆ ತಾಗಿಸಬೇಡಿ. ಒಂದು ಹನಿ ರಕ್ತ ಬಂದರೂ ನಾವಿಬ್ಬರೂ ಇಲ್ಲಿಂದ ಇಳಿಯೋದಿಲ್ಲ."

ಅವನಿಗೆ ಈಗ ಅರ್ಥವಾಗಿತ್ತು. ಅಷ್ಟು ದೊಡ್ಡ ಕತ್ತರಿ ಅವನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಮಗುವೂ ಕೊಸರಾಡುತ್ತಿತ್ತು. ನಾನು ಒಂದು ಕೈಯಲ್ಲಿ ಅವನ ಮಣಿಕಟ್ಟು ಹಿಡಿದೆ, ಇನ್ನೊಂದರಲ್ಲಿ ಲುಸ್ಮಿಯ ಗಲ್ಲ ಹಿಡಿದೆ. ಕಿವಿಯ ಹಿಂದಿನ ಗಂಟು ಕತ್ತರಿಸುವಾಗ ಕಬ್ಬಿಣದ ತುದಿ ಕಿವಿಗೆ ತಾಗಿತು. ಮಗು "ಅವ್ವಾ!" ಎಂದಿತು. ಹಗ್ಗದವನು ಒಂದು ಹೆಜ್ಜೆ ಮುಂದಿಟ್ಟ. ನಾನು ಕಿವಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದೆ. ಕೆಂಪಗಾಗಿತ್ತು, ರಕ್ತವಿರಲಿಲ್ಲ.

ಕೊನೆಯ ಗಂಟು ತಟ್ಟೆಗೆ ಬಿದ್ದಾಗ ಧರ್ಮದ ಅಪ್ಪ ಮಗುವಿಗೆ ಏನಾದರೂ ಕೊಡಬೇಕೆಂದು ಹೇಳಿದೆ. ಅವನು ಕೊಳವೆಯಲ್ಲಿದ್ದ ಕೂದಲನ್ನು ತಟ್ಟೆಗೆ ಸುರಿದ. ಕುತ್ತಿಗೆಯ ಕನ್ನಡಿ ಬಿಚ್ಚಿ ಲುಸ್ಮಿಯ ಕೊರಳಿಗೆ ಹಾಕಿದ. ಎಲಿಯೋದೋರೊ ಆಗ ನನ್ನಿಂದ ಕೋಕಾ ಎಲೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡ. ಜನ ಕಲ್ಲುಗಳನ್ನು ಒಂದೊಂದಾಗಿ ಮಡಿಲಿನಿಂದ ಉದುರಿಸಿದರು. ಯಾರೋ ಮುಸುಕಿನ ಜೋಳದ ಮದ್ಯ ತಂದರು. ಕೊಲ್ಲಲು ಬಂದವರೇ ಯೋರಿಸ್‌ನನ್ನು ತಬ್ಬಿಕೊಂಡು "ಕೊಂಪಾದ್ರೆ, ಕೊಂಪಾದ್ರೆ" ಎಂದು ಬೆನ್ನು ತಟ್ಟಿದರು.

ಸಾತುರ್ನಿನಾ ಕುಡಿಯಲಿಲ್ಲ. ತಟ್ಟೆಯಲ್ಲಿದ್ದ ಕೂದಲನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮೂಲೆಯಲ್ಲಿ ಕೂತು ಅಳುತ್ತಿದ್ದಳು. "ಅಣ್ಣಂಗೆ ಏನ್ ಹೇಳ್ಲಿ?" ಎಂದಳು. ಯೋರಿಸ್ ಇಳಿಯುವ ದಾರಿಯುದ್ದಕ್ಕೂ ಮುಖ ಮುಚ್ಚಿಕೊಂಡಿದ್ದ. ಎರಡು ದಿನದಲ್ಲಿ ದೇಶ ಬಿಟ್ಟ. ಅವನಿಂದ ಆಮೇಲೆ ಸುದ್ದಿಯಿಲ್ಲ.

ಪಕ್ಕದ ಕಣಿವೆಯ ಹುಡುಗಿ ಲೀಮಾದಲ್ಲಿ ಸಿಕ್ಕಳು. ಚಿಕ್ಕಮ್ಮನ ಮನೆಗೆ ಬಸ್ಸು ಹತ್ತಿ ಹೋಗಿದ್ದಳಂತೆ. ಕೇಳಿ ಎಲ್ಲರೂ ನಕ್ಕರು. ನಾನೂ ನಕ್ಕೆ. ನುಂಗಿದ ಮಣ್ಣು ಮಾತ್ರ ನುಂಗಿದ್ದೇ.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಗ್ಗೆ ಕುಸ್ಕೋದ ಮೇಲಿನ ಗುಡ್ಡದ ಸಾಕ್ಸಾಯ್‌ವಾಮಾನ್ ಕೋಟೆಯಲ್ಲಿ ಒಂದು ಗುಂಪಿಗೆ ದೊಡ್ಡ ಕಲ್ಲುಗಳನ್ನು ತೋರಿಸುತ್ತಿದ್ದೆ. ಯಾರೋ ಕೊಬ್ಬುಗಳ್ಳನ ಬಗ್ಗೆ ಕೇಳಿದರು. ಬಾಯಿಪಾಠದ ಉತ್ತರ ಶುರುಮಾಡಿದ್ದೆ. ಫೋನ್ ಬಂತು. ಸಾತುರ್ನಿನಾ.

"ಕೊಮಾದ್ರೆ, ಹೆಂಗಿದ್ದೀಯಾ? ಸುಮ್ನೆ ಮಾಡ್ದೆ. ಲುಸ್ಮಿ ನಿನ್ನೆಯಿಂದ ಊಟ ಬಿಟ್ಟವ್ಳೆ. ಮೈ ಸುಡ್ತೈತೆ. ನೆಗಡಿ ಇರ್ಬೇಕು, ಮಳೇಲಿ ನೆಂದ್ಲು ಬೇರೆ. ಗಾಬರಿಯಾಗ್ಬೇಡ." ಅವಳ ದನಿ ಮೆತ್ತಗಿತ್ತು, ಒಡಹುಟ್ಟಿದವಳ ದನಿ. ಸ್ವಲ್ಪ ತಡೆದು ಕೇಳಿದಳು: "ನಾಯ್ದಾ ಚೆನ್ನಾಗವ್ಳಾ?"

"ಚೆನ್ನಾಗವ್ಳೆ" ಎಂದೆ. ಬೆಳಗ್ಗೆ ಅವಳನ್ನು ಶಾಲೆಗೆ ಬಿಟ್ಟು ಬಂದಿದ್ದೆ. ತಲೆ ಬಾಚುವಾಗ ಹಣೆ ಬೆಚ್ಚಗಿತ್ತೇ ಇಲ್ಲವೇ, ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಗುಂಪಿನವರು ನನ್ನ ಉತ್ತರಕ್ಕೆ ಕಾಯುತ್ತಾ ನಿಂತಿದ್ದರು. ಕೊಡೆಯನ್ನು ಅಲ್ಲೇ ಬಿಸಾಕಿ ಶಾಲೆಯ ಕಡೆಗೆ ಇಳಿಜಾರಿನಲ್ಲಿ ಓಡಿದೆ.